ಗ್ರೋ ಲೈಟ್ ಬಿಸಿಯಾಗುತ್ತಿದೆಯೇ? ಫ್ಯಾನ್ ಕೊಳ್ಳುವ ಮೊದಲು ಇಷ್ಟು ಮಾಡಿ

"ಗ್ರೋ ಲೈಟ್ ತುಂಬಾ ಬಿಸಿಯಾಗ್ತಿದೆ, ಯಾವ ಫ್ಯಾನ್ ತಗೊಳ್ಳಲಿ?" ಬಿಸಿಲಿನ ಬದಲು ಗ್ರೋ ಲೈಟ್ ಅನ್ನುವ ದೀಪ ಹಾಕಿ ಮನೆಯೊಳಗೆ ಗಿಡ ಬೆಳೆಸುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದೂ ಒಂದೇ: ಆ ಫ್ಯಾನ್ ಬಿಸಿ ಗಾಳಿಯನ್ನು ಎಲ್ಲಿಗೆ ಕಳಿಸುತ್ತದೆ? ಹೆಚ್ಚಿನವರು ಅದನ್ನು ಯೋಚಿಸಿಯೇ ಇರುವುದಿಲ್ಲ. ಫ್ಯಾನ್ ತಾನಾಗಿ ಏನನ್ನೂ ತಣ್ಣಗೆ ಮಾಡುವುದಿಲ್ಲ. ಬಿಸಿಯನ್ನು ಇಲ್ಲಿಂದ ಎತ್ತಿ ಅಲ್ಲಿಗೆ ಹಾಕುತ್ತದೆ, ಅಷ್ಟೇ. "ಅಲ್ಲಿ" ಅನ್ನುವುದು ಅದೇ ಕೋಣೆಯ ಇನ್ನೊಂದು ಮೂಲೆಯಾದರೆ, ಬಿಸಿ ಒಂದು ಸುತ್ತು ಹಾಕಿ ಮತ್ತೆ ಗಿಡದ ಹತ್ತಿರಕ್ಕೇ ಬರುತ್ತದೆ.

ಆದ್ದರಿಂದ ಮೊದಲು ಅಳೆಯಿರಿ. ಆಮೇಲೆ ಬಿಸಿ ಹುಟ್ಟುವುದನ್ನೇ ತಗ್ಗಿಸಿ. ಉಳಿದದ್ದಕ್ಕೆ ಮಾತ್ರ ಗಾಳಿಯ ದಾರಿ ಮಾಡಿ. ಎಷ್ಟೋ ಜನರಿಗೆ ಅರ್ಧ ದಾರಿಯಲ್ಲೇ ಸಮಸ್ಯೆ ಮುಗಿದಿರುತ್ತದೆ.

ಶುರು ಮಾಡುವ ಮೊದಲು ಒಂದು ಲೆಕ್ಕ

ಎಲ್‌ಇಡಿ ಅಂದರೆ ತಣ್ಣನೆಯ ದೀಪ ಅನ್ನುವ ನಂಬಿಕೆ ಇದೆ. ಅದು ಅರ್ಧ ಸತ್ಯ. ಅಷ್ಟೇ ಬೆಳಕಿಗೆ ಎಲ್‌ಇಡಿ ಕಡಿಮೆ ಕರೆಂಟ್ ಎಳೆಯುತ್ತದೆ, ಸರಿ. ಆದರೆ ಎಳೆದ ಕರೆಂಟ್ ಹೆಚ್ಚುಕಮ್ಮಿ ಪೂರ್ತಿ ಕೊನೆಗೆ ಬಿಸಿಯೇ ಆಗುತ್ತದೆ. ಬೆಳಕಾಗಿ ಹೊರಟ ಭಾಗವೂ ಎಲೆ, ಕುಂಡ, ಗೋಡೆಗೆ ತಾಗಿ ಬಿಸಿಯಾಗುತ್ತದೆ. ಅದರಲ್ಲಿ ಗಿಡ ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುವ ಪಾಲು ತೀರಾ ಚಿಕ್ಕದು. ಹಾಗಾಗಿ 100 ವ್ಯಾಟ್ ಲೈಟ್ ಅಂದರೆ ಕೋಣೆಗೆ 100 ವ್ಯಾಟ್ ಬಿಸಿ ಅಂತಲೇ ಲೆಕ್ಕ ಹಾಕಿ.

100 ವ್ಯಾಟ್ ಎಷ್ಟು ಅಂತ ಅಂದಾಜು ಬೇಕಾ? ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈ ಸುಮಾರು ಅಷ್ಟೇ ಬಿಸಿ ಬಿಡುತ್ತದೆ. ತೆರೆದ ಶೆಲ್ಫಿನಲ್ಲಿ 20–40 ವ್ಯಾಟಿನ ಪಟ್ಟಿ ಲೈಟ್ ಹಾಕಿಕೊಂಡವರು ಎಕ್ಸಾಸ್ಟ್ ಫ್ಯಾನ್ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಿಮಗೆ 1ರಿಂದ 4ನೇ ಹಂತ ಸಾಕು, ಜೊತೆಗೆ 7ನೆಯದನ್ನು ಓದಿಬಿಡಿ. ಮುಚ್ಚಿದ ಗ್ರೋ ಟೆಂಟ್ (ಒಳಗೆ ಹೊಳೆಯುವ ಬಟ್ಟೆ ಇರುವ, ಜಿಪ್ ಹಾಕುವ ಗೂಡು), ಕಪಾಟು ಅಥವಾ ಚಿಕ್ಕ ಕೋಣೆ ಇದ್ದವರು ಪೂರ್ತಿ ಓದಿ.

ಇನ್ನೊಂದು ಮಾತು. ಡಬ್ಬಿಯ ಮೇಲೆ ಬರೆದ ವ್ಯಾಟ್ ನಂಬಬೇಡಿ. "1000 ವ್ಯಾಟ್" ಅಂತ ದೊಡ್ಡದಾಗಿ ಬರೆದ ಎಷ್ಟೋ ಲೈಟುಗಳು ನಿಜವಾಗಿ ಎಳೆಯುವುದು ಅದರ ಒಂದು ಸಣ್ಣ ಪಾಲು. ಪ್ಲಗ್ಗಿಗೆ ಸಿಕ್ಕಿಸುವ ಪವರ್ ಮೀಟರ್ ಸಿಗುತ್ತದೆ. ಅದು ತೋರಿಸಿದ ಅಂಕಿಯೇ ನಿಮ್ಮ ಲೆಕ್ಕಕ್ಕೆ ಬೇಕಾದದ್ದು.

ಏನೇನು ಬೇಕು

ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಎರಡು ಚಿಕ್ಕ ಮೀಟರ್, ಒಂದು ಪವರ್ ಮೀಟರ್, ಟೈಮರ್, ಲೈಟನ್ನು ಏರಿಸಿ ಇಳಿಸಲು ಹಗ್ಗದ ಕೊಕ್ಕೆ, ಒಣ ಬ್ರಷ್. ಸದ್ಯಕ್ಕೆ ಇಷ್ಟೇ. ಫ್ಯಾನು, ಪೈಪು ಆಮೇಲೆ ನೋಡೋಣ.

ಹಂತ 1: ಎಲೆಯ ಮಟ್ಟದಲ್ಲಿ ಅಳೆಯಿರಿ

ಒಂದು ಮೀಟರನ್ನು ಗಿಡದ ತುದಿ ಎಲೆಗಳ ಎತ್ತರದಲ್ಲಿ ನೇತುಹಾಕಿ. ಅದರ ಮೇಲೆ ಒಂದು ರಟ್ಟಿನ ತುಂಡಿನಿಂದ ನೆರಳು ಮಾಡಿ. ಇದನ್ನು ಬಿಡಬೇಡಿ. ಲೈಟ್ ನೇರವಾಗಿ ಬಿದ್ದರೆ ಮೀಟರಿನ ಪ್ಲಾಸ್ಟಿಕ್ ಕಾಯ್ದು, ಗಾಳಿಯ ಉಷ್ಣತೆಗಿಂತ ಜಾಸ್ತಿ ತೋರಿಸುತ್ತದೆ. ಎರಡನೇ ಮೀಟರ್ ಟೆಂಟಿನ ಹೊರಗೆ, ಗಾಳಿ ಒಳಗೆ ಬರುವ ಜಾಗದ ಹತ್ತಿರ ಇರಲಿ. ಲೈಟ್ ಹಾಕಿ ಮೂರು ಗಂಟೆ ಬಿಟ್ಟು ಎರಡನ್ನೂ ಬರೆದಿಡಿ. ನಿಮಗೆ ಮುಖ್ಯವಾದದ್ದು ಈ ಎರಡರ ನಡುವಿನ ವ್ಯತ್ಯಾಸ.

ಸಾಮಾನ್ಯವಾಗಿ ಮನೆಯೊಳಗಿನ ಗಿಡಗಳು 20ರಿಂದ 28 ಡಿಗ್ರಿಯಲ್ಲಿ ಆರಾಮಾಗಿರುತ್ತವೆ. 32 ದಾಟಿದರೆ ಹೆಚ್ಚಿನವುಗಳ ಬೆಳವಣಿಗೆ ಕುಂಟುತ್ತದೆ, ಟೊಮೆಟೊ ಥರದವು ಹೂ ಉದುರಿಸುತ್ತವೆ.

ಲೈಟಿನ ಮೈ ಎಷ್ಟು ಬಿಸಿ ಅಂತ ನೋಡಲು ಇನ್‌ಫ್ರಾರೆಡ್ ಗನ್ (ದೂರದಿಂದ ಗುರಿಯಿಟ್ಟು ಉಷ್ಣತೆ ಅಳೆಯುವ ಸಾಧನ) ಬಳಸುವವರಿಗೆ ಒಂದು ಎಚ್ಚರಿಕೆ. ನಾನೂ ಒಮ್ಮೆ ಮೋಸ ಹೋದವನೇ. ಗನ್ 31 ಡಿಗ್ರಿ ಅಂದಿತು. ಬೆರಳಿಟ್ಟರೆ ಚುರ್ರೆಂದಿತು! ಹೊಳೆಯುವ ಅಲ್ಯೂಮಿನಿಯಂ ಕನ್ನಡಿಯ ಹಾಗೆ. ಅದು ತನ್ನ ಬಿಸಿಯನ್ನು ತೋರಿಸುವುದು ಕಡಿಮೆ, ಎದುರಿನ ಗೋಡೆಯ ಬಿಸಿಯನ್ನೇ ಹೆಚ್ಚು ತೋರಿಸುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಎರಡು ನಿಮಿಷ ಬಿಟ್ಟು, ಆ ಟೇಪಿಗೆ ಗುರಿಯಿಡಿ. ಸರಿಯಾದ ಅಂಕಿ ಬರುತ್ತದೆ. ಎಲೆಗೆ ಈ ತೊಂದರೆ ಇಲ್ಲ, ನೇರವಾಗಿ ಅಳೆಯಬಹುದು.

ಎಲೆ ಏನು ಹೇಳುತ್ತಿದೆ ಅಂತಲೂ ನೋಡಿ. ಬಿಸಿ ಜಾಸ್ತಿಯಾದಾಗ ಮೇಲಿನ ಎಲೆಗಳ ಎರಡೂ ಅಂಚು ಮೇಲಕ್ಕೆ ಮಡಚಿ ದೊನ್ನೆಯ ಹಾಗಾಗುತ್ತವೆ. ಆಮೇಲೆ ಅಂಚು ಒಣಗಿ ಕಂದಾಗುತ್ತದೆ. ಆದರೆ ಉಷ್ಣತೆ ಸರಿಯಾಗಿದ್ದೂ ಲೈಟಿನ ನೇರ ಕೆಳಗಿನ ಎಲೆ ಮಾತ್ರ ಬಿಳಚಿಕೊಂಡರೆ ಅದು ಬಿಸಿಯ ತೊಂದರೆಯಲ್ಲ, ಬೆಳಕು ಜಾಸ್ತಿಯಾದದ್ದು. ಅದಕ್ಕೆ ಎಷ್ಟು ಫ್ಯಾನ್ ಹಾಕಿದರೂ ಪ್ರಯೋಜನವಿಲ್ಲ. ಲೈಟ್ ಮೇಲೆತ್ತಿ ಅಥವಾ ಮಂದ ಮಾಡಿ.

ಹಂತ 2: ಬಿಸಿ ಹುಟ್ಟುವುದನ್ನೇ ತಗ್ಗಿಸಿ

ಖರ್ಚಿಲ್ಲದ ಉಪಾಯಗಳೆಲ್ಲ ಈ ಹಂತದಲ್ಲಿವೆ. ವಿಚಿತ್ರವೆಂದರೆ ಜನ ಬಿಟ್ಟುಬಿಡುವುದೂ ಇದನ್ನೇ.

ಮೊದಲನೆಯದು, ಮಂದ ಮಾಡಿ ಹೊತ್ತು ಹೆಚ್ಚಿಸುವುದು. ಎಲೆಗಿಡಗಳಿಗೆ ಮುಖ್ಯವಾದದ್ದು ದಿನಕ್ಕೆ ಒಟ್ಟು ಎಷ್ಟು ಬೆಳಕು ಸಿಕ್ಕಿತು ಅನ್ನುವುದು. 100 ವ್ಯಾಟಿನಲ್ಲಿ 12 ಗಂಟೆ ಉರಿಸುವ ಬದಲು 75 ವ್ಯಾಟಿಗೆ ಇಳಿಸಿ 16 ಗಂಟೆ ಉರಿಸಿದರೆ ಒಟ್ಟು ಕರೆಂಟ್ ಅಷ್ಟೇ, 1200 ವ್ಯಾಟ್-ಗಂಟೆ. ಬೆಳಕೂ ಕಡಿಮೆಯಾಗುವುದಿಲ್ಲ. ಆದರೆ ಯಾವುದೇ ಹೊತ್ತಿನಲ್ಲಿ ಟೆಂಟಿನೊಳಗೆ ಹುಟ್ಟುವ ಬಿಸಿ ಕಾಲು ಪಾಲು ಇಳಿಯುತ್ತದೆ. ಇದಕ್ಕೆ ಲೈಟಿನಲ್ಲಿ ಡಿಮ್ಮರ್ ಇರಬೇಕು.

ಇದಕ್ಕೊಂದು ಮಿತಿ ಇದೆ. ಸೇವಂತಿಗೆಯಂಥ ಗಿಡಗಳು ರಾತ್ರಿ ಉದ್ದವಾಗಿದ್ದರೆ ಮಾತ್ರ ಹೂ ಬಿಡುತ್ತವೆ. ಹೂ ಬೇಕಾದಾಗ ಅವುಗಳಿಗೆ ಈ ಉಪಾಯ ಬೇಡ. ಉಳಿದವಕ್ಕೂ ಆರು ಗಂಟೆಯಾದರೂ ಕತ್ತಲೆ ಬಿಡಿ. ಟೊಮೆಟೊ ಗಿಡಕ್ಕೆ 24 ಗಂಟೆ ಲೈಟ್ ಕೊಟ್ಟರೆ ಎಲೆಯೇ ಹಾಳಾಗುತ್ತದೆ.

ಎರಡನೆಯದು, ಗಿಡದ "ಹಗಲ"ನ್ನು ನಿಮ್ಮ ರಾತ್ರಿಗೆ ತಳ್ಳುವುದು. ಹೊರಗೆ ತಣ್ಣಗಿರುವಾಗ ಲೈಟ್ ಉರಿಯಲಿ, ಮಧ್ಯಾಹ್ನ ಆರಿರಲಿ. ಟೈಮರ್ ತಿರುಗಿಸುವಷ್ಟೇ ಕೆಲಸ. ಸಮಯವನ್ನು ದಿಢೀರ್ ತಿರುಗಿಸಿ ಗಿಡಕ್ಕೆ ಒಂದೂವರೆ ದಿನ ಬೆಳಕು ಕೊಡಬೇಡಿ. ದಿನಕ್ಕೆ ಒಂದೆರಡು ಗಂಟೆ ಸರಿಸುತ್ತಾ ಹೋಗಿ.

ಮೂರನೆಯದು ಡ್ರೈವರ್. ಗೋಡೆಯ ಕರೆಂಟನ್ನು ಎಲ್‌ಇಡಿಗೆ ಬೇಕಾದ ರೀತಿಗೆ ಬದಲಿಸುವ ಡಬ್ಬಿ ಅದು. ಹಳೆಯ ಸೋಡಿಯಂ ಲೈಟುಗಳಲ್ಲಿ ಇದೇ ಜಾಗದಲ್ಲಿ ಬಲಾಸ್ಟ್, ಅಂದರೆ ಚೋಕ್, ಇರುತ್ತದೆ. ಒಟ್ಟು ಕರೆಂಟಿನಲ್ಲಿ ಹತ್ತರಲ್ಲೊಂದು ಪಾಲು ಇಲ್ಲೇ ಬಿಸಿಯಾಗಿ ಹೋಗಬಹುದು. ವೈರಿನ ಉದ್ದ ಮತ್ತು ತಯಾರಕರ ಸೂಚನೆ ಒಪ್ಪಿದರೆ ಅದನ್ನು ಟೆಂಟಿನ ಹೊರಗೆ ಇಡಿ. 200 ವ್ಯಾಟ್ ಲೈಟಿನಲ್ಲಿ ಸುಮಾರು 20 ವ್ಯಾಟ್ ಬಿಸಿ ಹಾಗೇ ಹೊರಗೆ ಉಳಿಯುತ್ತದೆ. ಆದರೆ ಡ್ರೈವರನ್ನು ಬಟ್ಟೆ, ಕಾರ್ಪೆಟ್, ರಟ್ಟಿನ ಮೇಲೆ ಇಡಬೇಡಿ.

ಹಂತ 3: ಲೈಟಿನ ಮೈಗೆ ಗಾಳಿಯಾಡಲಿ

ಎಲ್‌ಇಡಿಯ ಬೆನ್ನಿಗೆ ಬಾಚಣಿಗೆಯ ಹಲ್ಲಿನ ಹಾಗೆ ಅಲ್ಯೂಮಿನಿಯಂ ರೆಕ್ಕೆಗಳು ಇರುತ್ತವೆ. ಅದು ಹೀಟ್ ಸಿಂಕ್. ಕೆಲವದರಲ್ಲಿ ರೆಕ್ಕೆಯಿಲ್ಲದೆ ಬರೀ ದಪ್ಪ ತಗಡು ಇರುತ್ತದೆ. ಬಿಸಿ ಅಲ್ಲಿಂದ ಗಾಳಿಗೆ ಹೋಗಬೇಕು. ಆ ರೆಕ್ಕೆಗಳ ನಡುವೆ ಧೂಳು ಕೂತರೆ ಲೈಟಿಗೆ ಕಂಬಳಿ ಹೊದಿಸಿದ ಹಾಗೆ. ಲೈಟಿನ ಮೇಲೆ ಏನನ್ನೂ ಇಡಬೇಡಿ. ಮೇಲಿನ ಹಲಗೆಗೂ ಅದಕ್ಕೂ ನಡುವೆ ಒಂದು ಗೇಣಿನಷ್ಟಾದರೂ ಜಾಗ ಇರಲಿ.

ಬಿಸಿಯಾದರೆ ಏನಂತೆ, ಉರಿಯುತ್ತಿದೆಯಲ್ಲ ಅನ್ನಬೇಡಿ. ಎಲ್‌ಇಡಿ ಬಿಸಿಯಾದಷ್ಟೂ ಅದರ ಬೆಳಕು ಬೇಗ ಕುಂದುತ್ತದೆ. ಡ್ರೈವರಿನ ಒಳಗಿರುವ ಕೆಪಾಸಿಟರುಗಳ ಕಥೆ ಇನ್ನೂ ಕೆಟ್ಟದು. 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್ ಕೆಲಸದವರ ಹಳೆಯ ಅಂದಾಜು.

ಒಳಗೇ ಚಿಕ್ಕ ಫ್ಯಾನ್ ಇರುವ ಲೈಟುಗಳಾದರೆ ವಾರಕ್ಕೊಮ್ಮೆ ಕಿವಿಗೊಟ್ಟು ಕೇಳಿ. ಕರಕರ ಶಬ್ದ ಶುರುವಾದರೆ ಬೇರಿಂಗ್ ಹೋಗುತ್ತಿದೆ ಅಂತ. ಒಂದು ದಿನ ಶಬ್ದವೇ ನಿಂತುಹೋದರೆ ರಿಪೇರಿಯಾಯಿತು ಅಂದುಕೊಳ್ಳಬೇಡಿ, ಫ್ಯಾನೇ ನಿಂತಿರುತ್ತದೆ.

ಸೋಡಿಯಂ ಅಥವಾ ಮೆಟಲ್ ಹ್ಯಾಲೈಡ್ ಬಲ್ಬ್ ಇನ್ನೂ ಬಳಸುತ್ತಿರುವವರಿಗೆ ಬೇರೆ ಮಾತು. ಈ ಬಲ್ಬುಗಳು ಬಿಸಿಯ ದೊಡ್ಡ ಪಾಲನ್ನು ಕಾಣದ ಕಿರಣವಾಗಿ ನೇರ ಎಲೆಯ ಮೇಲೇ ಎಸೆಯುತ್ತವೆ. ಗಾಳಿ ತಣ್ಣಗಿದ್ದರೂ ಎಲೆ ಬಿಸಿಯಾಗುವುದು ಅದಕ್ಕೇ. ಗಾಜು ಮುಚ್ಚಿದ, ಎರಡೂ ಕಡೆ ಪೈಪ್ ಜೋಡಿಸುವ ಹುಡ್ ಇದ್ದರೆ ಬಲ್ಬಿನ ಸುತ್ತಲಿನ ಗಾಳಿಯನ್ನು ಬೇರೆಯಾಗಿಯೇ ಎಳೆದು ಹೊರಗೆ ಹಾಕಬಹುದು. ಉರಿಯುವ ಬಲ್ಬ್ ಹತ್ತಿರ ನೀರಿನ ಸ್ಪ್ರೇ ಒಯ್ಯಬೇಡಿ. ಒಂದು ಹನಿ ಸಿಡಿದರೂ ಗಾಜು ಒಡೆಯಬಹುದು.

ಹಂತ 4: ಒಳಗಿನ ಗಾಳಿಯನ್ನು ಕದಡಿ

ಪ್ರತಿ ಎಲೆಯ ಮೈಗೂ ನಿಂತ ಗಾಳಿಯ ತೆಳು ಪದರವೊಂದು ಅಂಟಿಕೊಂಡಿರುತ್ತದೆ. ಗಾಳಿ ಅಲುಗದಿದ್ದರೆ ಅದು ದಪ್ಪವಾಗುತ್ತದೆ. ಎಲೆಯ ಬಿಸಿ ಹೊರಗೆ ಹೋಗದು, ಎಲೆ ಬಿಡುವ ತೇವವೂ ಹೋಗದು. ಬೂದಿ ರೋಗಕ್ಕೆ ಇಂಥ ಜಾಗ ಹೇಳಿ ಮಾಡಿಸಿದ ಹಾಗೆ. ಲೆಟ್ಯೂಸ್ ಬೆಳೆಸುವವರು ನಡುವಿನ ಎಳೆ ಎಲೆಗಳ ತುದಿ ಕಪ್ಪಾಗುವುದನ್ನು ನೋಡಿರಬಹುದು. ಅದು ಹೆಚ್ಚಾಗಿ ಗೊಬ್ಬರದ ಕೊರತೆಯಲ್ಲ. ಸುಳಿಯಲ್ಲಿ ಗಾಳಿಯಾಡದೆ, ಆ ಎಲೆಗಳು ನೀರು ಎಳೆದುಕೊಳ್ಳದೆ, ನೀರಿನ ಜೊತೆ ಬರಬೇಕಾದ ಕ್ಯಾಲ್ಸಿಯಂ ಅಲ್ಲಿಗೆ ತಲುಪಿರುವುದಿಲ್ಲ.

ಒಂದು ಚಿಕ್ಕ ಫ್ಯಾನನ್ನು ಗಿಡದ ತುದಿಗೂ ಲೈಟಿಗೂ ನಡುವೆ ಗಾಳಿ ಹಾಯುವಂತೆ ಇಡಿ. ಅತ್ತಿತ್ತ ತಿರುಗುವ ಫ್ಯಾನಾದರೆ ಒಳ್ಳೆಯದು. ಎಲೆ ಮೆಲ್ಲಗೆ ನಡುಗಬೇಕು, ಕಾಂಡ ಬಾಗಬಾರದು. ಒಂದೇ ಗಿಡದ ಮುಖಕ್ಕೆ ದಿನವಿಡೀ ಬೀಸಿದರೆ ಆ ಗಿಡದ ಎಲೆ ಒಂದೇ ಕಡೆ ಒಣಗಿ ಸುರುಟುತ್ತದೆ.

ಹಂತ 5: ಬಿಸಿ ಗಾಳಿಯನ್ನು ಹೊರಗೆ ಹಾಕಿ

ಈಗ ಫ್ಯಾನಿನ ಲೆಕ್ಕ. ಸೂತ್ರ ಸುಲಭ:

ಗಂಟೆಗೆ ಬೇಕಾದ ಗಾಳಿ (ಘನ ಮೀಟರ್) = 3 × ವ್ಯಾಟ್ ÷ ನೀವು ಒಪ್ಪುವ ವ್ಯತ್ಯಾಸ (ಡಿಗ್ರಿ)

ವ್ಯತ್ಯಾಸ ಅಂದರೆ ಒಳಗೆ ಬರುವ ಗಾಳಿಗಿಂತ ಟೆಂಟಿನೊಳಗೆ ಎಷ್ಟು ಡಿಗ್ರಿ ಜಾಸ್ತಿ ಇದ್ದರೆ ಪರವಾಗಿಲ್ಲ ಅನ್ನುವುದು. 200 ವ್ಯಾಟ್ ಲೈಟ್, 4 ಡಿಗ್ರಿ ಒಪ್ಪಿದರೆ 3 × 200 ÷ 4 = 150 ಘನ ಮೀಟರ್. ಫ್ಯಾನುಗಳ ಮೇಲೆ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ) ಅಂತ ಬರೆದಿದ್ದರೆ 1.7ರಿಂದ ಭಾಗಿಸಿ. ಇಲ್ಲಿ ಸುಮಾರು 88 ಸಿಎಫ್‌ಎಂ. ಪೈಪಿನ ತಿರುವು, ಕಾರ್ಬನ್ ಫಿಲ್ಟರ್ (ವಾಸನೆ ಹೀರುವ ಇದ್ದಿಲಿನ ಡಬ್ಬಿ) ಎಲ್ಲ ಗಾಳಿಯನ್ನು ತಡೆಯುತ್ತವೆ. ಹಾಗಾಗಿ ಮೂರನೇ ಒಂದು ಪಾಲು ಸೇರಿಸಿ, 200 ಘನ ಮೀಟರಿನ ಫ್ಯಾನ್ ನೋಡಿ. ಗಿಡಗಳು ನೀರು ಆವಿ ಮಾಡಿ ಸ್ವಲ್ಪ ಬಿಸಿ ನುಂಗುತ್ತವೆ, ಅದನ್ನು ಈ ಸೂತ್ರ ಲೆಕ್ಕಕ್ಕೆ ಹಿಡಿದಿಲ್ಲ. ಅದು ನಿಮಗೇ ಲಾಭ.

ಅದೇ ಸೂತ್ರ ಇನ್ನೊಂದನ್ನೂ ಹೇಳುತ್ತದೆ. ವ್ಯತ್ಯಾಸವನ್ನು 4ರಿಂದ 2ಕ್ಕೆ ಇಳಿಸಲು ಗಾಳಿ ಎರಡು ಪಟ್ಟು ಬೇಕು. ಸೊನ್ನೆ ಮಾಡಲು ಯಾವ ಫ್ಯಾನೂ ಸಾಲದು. ಕೋಣೆಯ ಗಾಳಿಯೇ 33 ಡಿಗ್ರಿ ಇದ್ದರೆ ಫ್ಯಾನ್ ದೊಡ್ಡದು ಮಾಡಿ ಉಪಯೋಗವಿಲ್ಲ. 2ನೇ ಹಂತಕ್ಕೆ ವಾಪಸ್ ಹೋಗಿ, ಇಲ್ಲವೇ ಕೋಣೆಗೆ ಎಸಿ ಯೋಚಿಸಿ. 1 ಟನ್ ಎಸಿಗೆ ಸುಮಾರು 3,500 ವ್ಯಾಟ್ ಬಿಸಿ ಎತ್ತುವ ಶಕ್ತಿ ಇರುತ್ತದೆ. ಆದ್ದರಿಂದ ಒಂದೆರಡು ಲೈಟ್ ಅದಕ್ಕೆ ದೊಡ್ಡ ಹೊರೆಯಲ್ಲ. ಆದರೆ ಎಸಿ ಹಾಕಿದ ಕೋಣೆಯ ಗಾಳಿಯನ್ನು ಎಕ್ಸಾಸ್ಟ್‌ನಿಂದ ಮನೆಯ ಹೊರಗೆ ಎಸೆದರೆ ತಣ್ಣಗೆ ಮಾಡಿದ ಗಾಳಿಯನ್ನೇ ಎಸೆದ ಹಾಗೆ. ಎಕ್ಸಾಸ್ಟ್ ಹೊರಗೆ ಬಿಡುವ ಪದ್ಧತಿ ಬೇಕಾ, ಎಸಿ ಬೇಕಾ, ಒಂದನ್ನು ಆರಿಸಿಕೊಳ್ಳಿ.

ಜೋಡಿಸುವ ಕ್ರಮ ಹೀಗೆ:

1. ಇನ್‌ಲೈನ್ ಫ್ಯಾನನ್ನು (ಪೈಪಿನ ನಡುವೆ ಕೂರುವ ಫ್ಯಾನ್) ಟೆಂಟಿನ ಮೇಲ್ಭಾಗದಲ್ಲಿ ತೂಗುಹಾಕಿ. ಬಿಸಿ ಗಾಳಿ ಸೇರುವುದು ಅಲ್ಲೇ. ರಬ್ಬರ್ ಪಟ್ಟಿಯಲ್ಲಿ ತೂಗುಹಾಕಿದರೆ ಗುಂಯ್‌ಗುಡುವ ಶಬ್ದ ಕಂಬಿಗೆ ಹರಡುವುದಿಲ್ಲ.

2. ಫಿಲ್ಟರ್ ಇದ್ದರೆ ಅದು ಮೊದಲು, ಆಮೇಲೆ ಫ್ಯಾನ್, ಆಮೇಲೆ ಪೈಪ್. ಫ್ಯಾನಿನ ಮೇಲಿನ ಬಾಣದ ಗುರುತು ಹೊರಗಿನ ಕಡೆ ತಿರುಗಿರಲಿ. ನಗಬೇಡಿ, ಉಲ್ಟಾ ಹಾಕಿದವರು ಬಹಳ ಜನ.

3. ಪೈಪನ್ನು ಕಿಟಕಿಯಾಚೆ ಒಯ್ಯಿರಿ. ಸುಕ್ಕುಗಟ್ಟಿದ ಫ್ಲೆಕ್ಸಿಬಲ್ ಪೈಪಾದರೆ ಪೂರ್ತಿ ಬಿಗಿಯಾಗಿ ಎಳೆದು, ಉಳಿದದ್ದನ್ನು ಕತ್ತರಿಸಿಬಿಡಿ. "ಮುಂದೆ ಬೇಕಾದೀತು" ಅಂತ ಸುರುಳಿ ಬಿಟ್ಟರೆ ಫ್ಯಾನಿನ ಶಕ್ತಿಯೆಲ್ಲ ಆ ಸುಕ್ಕುಗಳಲ್ಲೇ ಕಳೆದುಹೋಗುತ್ತದೆ. ತಿರುವು ಅನಿವಾರ್ಯವಾದರೆ ಮೊಣಕೈ ಹಾಗೆ ಮಡಚದೆ ದೊಡ್ಡ ಬಳಸಿನಲ್ಲಿ ತಿರುಗಿಸಿ.

4. ಪೈಪಿನ ಹೊರತುದಿ ಸ್ವಲ್ಪ ಇಳಿಜಾರಾಗಿರಲಿ. ತೇವದ ಗಾಳಿ ತಣ್ಣನೆಯ ಪೈಪಿಗೆ ತಾಗಿ ನೀರಾಗುತ್ತದೆ. ಆ ನೀರು ಫ್ಯಾನಿನ ಕಡೆಗಲ್ಲ, ಹೊರಗೆ ಹರಿಯಬೇಕು.

5. ಗಾಳಿ ಒಳಬರಲು ಎದುರು ಬದಿಯಲ್ಲಿ, ಕೆಳಗೆ, ಕಿಂಡಿ ತೆರೆಯಿರಿ. ಹೊರಹೋಗುವ ಪೈಪಿನ ಬಾಯಿಗಿಂತ ಕನಿಷ್ಠ ಎರಡು ಪಟ್ಟು ದೊಡ್ಡದಿರಲಿ. ಕಿಂಡಿ ಚಿಕ್ಕದಾದರೆ ಫ್ಯಾನ್ ಸುಮ್ನೆ ಗುಡುಗುತ್ತದೆ, ಗಾಳಿ ಬರುವುದಿಲ್ಲ.

ಎಲ್ಲ ಸರಿಯಾಗಿದ್ದರೆ ಟೆಂಟಿನ ಗೋಡೆಗಳು ಸ್ವಲ್ಪವೇ ಒಳಕ್ಕೆ ಎಳೆದುಕೊಂಡಂತೆ ಕಾಣುತ್ತವೆ. ಹೊಟ್ಟೆ ಹಿಂಡಿದಂತೆ ತೀರಾ ಒಳಹೋದರೆ ಕಿಂಡಿ ಸಾಲದು. ಹೊರಕ್ಕೆ ಉಬ್ಬಿದರೆ ಬಾಣದ ಗುರುತು ಇನ್ನೊಮ್ಮೆ ನೋಡಿ!

ಪೈಪಿನ ಅಳತೆ ಆರಿಸುವಾಗ ಒಂದು ಮಾತು. 150 ಮಿಲಿಮೀಟರ್ ಪೈಪಿನ ಬಾಯಿ 100 ಮಿಲಿಮೀಟರಿನದಕ್ಕಿಂತ ಎರಡೂಕಾಲು ಪಟ್ಟು ದೊಡ್ಡದು. ದೊಡ್ಡ ಫ್ಯಾನ್ ಮೆಲ್ಲಗೆ ತಿರುಗಿದರೆ ಚಿಕ್ಕದು ಜೋರಾಗಿ ತಿರುಗುವುದಕ್ಕಿಂತ ಶಬ್ದ ಎಷ್ಟೋ ಕಡಿಮೆ. ಮಲಗುವ ಕೋಣೆಯಲ್ಲಿ ಟೆಂಟ್ ಇದ್ದರೆ ನಾನಂತೂ ದೊಡ್ಡದನ್ನೇ ಆರಿಸುತ್ತೇನೆ.

ವೇಗ ತಗ್ಗಿಸಲು ಬಲ್ಬಿಗೆ ಹಾಕುವ ಡಿಮ್ಮರ್ ಮಾತ್ರ ಬಳಸಬೇಡಿ. ಮೋಟರ್ ಗುಂಯ್‌ಗುಟ್ಟಿ ಕಾಯುತ್ತದೆ, ಕೊನೆಗೆ ಸುಡಲೂಬಹುದು. ಆ ಫ್ಯಾನಿಗೆಂದೇ ಇರುವ ರೆಗ್ಯುಲೇಟರ್ ಬೇಕು. ಇಸಿ ಮೋಟರ್ ಫ್ಯಾನ್ ಆದರೆ ವೇಗ ಹೊಂದಿಸುವ ವ್ಯವಸ್ಥೆ ಅದರೊಳಗೇ ಇರುತ್ತದೆ, ಕರೆಂಟೂ ಕಡಿಮೆ.

ಹಂತ 6: ಲೈಟ್ ಆರಿದ ಮೇಲೆ

ಲೈಟಿನ ಟೈಮರಿಗೇ ಫ್ಯಾನನ್ನೂ ಜೋಡಿಸಿ, ಎರಡೂ ಒಟ್ಟಿಗೆ ಆಫ್ ಆಗುವಂತೆ ಮಾಡುವುದು ಸಾಮಾನ್ಯ ತಪ್ಪು. 28 ಡಿಗ್ರಿಯಲ್ಲಿ ಶೇ. 60 ತೇವಾಂಶ ಇದ್ದ ಗಾಳಿ 20 ಡಿಗ್ರಿಗೆ ತಣಿದರೆ ತೇವಾಂಶ ಶೇ. 97ರ ಹತ್ತಿರ ಹೋಗುತ್ತದೆ. ಒಂದು ಹನಿ ನೀರನ್ನೂ ಸೇರಿಸಬೇಕಿಲ್ಲ. ತಣ್ಣನೆಯ ಗಾಳಿಗೆ ತೇವ ಹಿಡಿದಿಡುವ ಶಕ್ತಿ ಕಡಿಮೆ, ಅದಕ್ಕೆ. ಬೆಳಿಗ್ಗೆ ಜಿಪ್ ತೆಗೆದಾಗ ಗೋಡೆ ಬೆವರಿರುತ್ತದೆ, ಕೆಲವೇ ದಿನಗಳಲ್ಲಿ ಎಲೆಯ ಮೇಲೆ ಬೂದಿ ಕಾಣುತ್ತದೆ. ಕತ್ತಲೆಯ ಹೊತ್ತಿನಲ್ಲೂ ಎಕ್ಸಾಸ್ಟ್ ಕಡಿಮೆ ವೇಗದಲ್ಲಿ ಓಡಲಿ. ನೀರು ಹಾಕುವುದಿದ್ದರೆ ಲೈಟ್ ಹೊತ್ತಿದ ಮೇಲೆ ಹಾಕಿ, ಆರುವ ಮುಂಚೆ ಬೇಡ.

ಹಂತ 7: ಫ್ಯಾನ್ ನಿಂತರೆ ಏನಾಗುತ್ತದೆ ಅಂತ ಪರೀಕ್ಷಿಸಿ

ನೀವು ಮನೆಯಲ್ಲಿರುವ ದಿನ ಲೈಟ್ ಉರಿಯುವಾಗ ಫ್ಯಾನ್ ಮಾತ್ರ ಆಫ್ ಮಾಡಿ. ಮೀಟರ್ ನೋಡುತ್ತಾ ಕೂತಿರಿ. ಅರ್ಧ ಗಂಟೆಯಲ್ಲಿ ಎಷ್ಟು ಏರಿತು ಬರೆದಿಡಿ, 38 ಮುಟ್ಟಿದರೆ ಅಲ್ಲೇ ನಿಲ್ಲಿಸಿ. ನೀವು ಊರಲ್ಲಿಲ್ಲದಾಗ ಫ್ಯಾನ್ ಕೆಟ್ಟರೆ ಆಗುವುದು ಇದೇ. ಏರಿಕೆ ಜಾಸ್ತಿ ಇದ್ದರೆ ಲೈಟಿನ ಪ್ಲಗ್ಗಿಗೆ ಥರ್ಮೋಸ್ಟಾಟ್ (ಇಷ್ಟು ಡಿಗ್ರಿ ದಾಟಿದರೆ ಕರೆಂಟ್ ಕಡಿಯುವ ಸ್ವಿಚ್) ಹಾಕಿ, 35ಕ್ಕೆ ಹೊಂದಿಸಿ. ಥರ್ಮೋಸ್ಟಾಟ್ ಕಡಿಯಬೇಕಾದದ್ದು ಲೈಟನ್ನು, ಫ್ಯಾನನ್ನಲ್ಲ. ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ಆ ಬೋರ್ಡನ್ನೇ ಥರ್ಮೋಸ್ಟಾಟಿಗೆ ಕೊಟ್ಟರೆ ಬಿಸಿಯಾದಾಗ ಫ್ಯಾನೂ ನಿಂತುಬಿಡುತ್ತದೆ.

ಕರೆಂಟ್ ವಿಷಯ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಸುತ್ತಿಟ್ಟು ಬಳಸಬೇಡಿ, ಸುರುಳಿಯೊಳಗೆ ಬಿಸಿ ಕೂಡಿ ಕವಚ ಕರಗಬಹುದು. ಬೋರ್ಡಿಗೆ ಬೋರ್ಡ್ ಸಿಕ್ಕಿಸಬೇಡಿ. ಪ್ಲಗ್ಗುಗಳು ನೆಲದ ಮೇಲಲ್ಲ, ನೀರು ಚೆಲ್ಲಿದರೂ ತಾಗದ ಎತ್ತರದಲ್ಲಿರಲಿ. ವೈರ್ ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತು ಮೇಲೇರಲಿ, ವೈರ್ ಗುಂಟ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದ ಸಾಲಿನಲ್ಲಿ ನೀರು, ಲೈಟು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಅದನ್ನು ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ.

ತಿಂಗಳಿಗೊಮ್ಮೆ ಲೈಟ್ ಆಫ್ ಮಾಡಿ, ಪ್ಲಗ್ ಕಿತ್ತು, ಪೂರ್ತಿ ತಣಿದ ಮೇಲೆ ಹೀಟ್ ಸಿಂಕ್, ಫ್ಯಾನಿನ ರೆಕ್ಕೆ, ಕಿಂಡಿಯ ಬಲೆ ಮೂರನ್ನೂ ಒಣ ಬ್ರಷ್‌ನಿಂದ ಗುಡಿಸಿ. ಆಮೇಲೆ 1ನೇ ಹಂತದ ಅಳತೆಯನ್ನು ಇನ್ನೊಮ್ಮೆ ತೆಗೆದುಕೊಳ್ಳಿ. ಮೊದಲು 4 ಡಿಗ್ರಿ ಇದ್ದ ವ್ಯತ್ಯಾಸ ಈಗ 6 ಆಗಿದ್ದರೆ, ಎಲ್ಲೋ ಪೈಪ್ ಮಡಚಿದೆ ಅಥವಾ ಫಿಲ್ಟರ್ ಕಟ್ಟಿಕೊಂಡಿದೆ. ಮೊದಲು ಫಿಲ್ಟರ್ ಬಿಚ್ಚಿ ನೋಡಿ.